ಸ್ಟೇರಿಂಗಿನ ಎಡಗಿವಿ

ಶಿಕಾರಿಪುರದ ರಾಜಪ್ಪನವರು ಗೇರಿಲ್ಲದ ಗಾಡಿಯನ್ನು ಗಾಡಿಯೆಂದು ಒಪ್ಪಿಕೊಂಡವರೇ ಅಲ್ಲ. ಶಿಕಾರಿಪುರ–ಸೊರಬ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಲೇ ತಲೆ ನರೆಸಿಕೊಂಡ ಮನುಷ್ಯ. ಬಲಗೈ ಸ್ಟೇರಿಂಗಿಗೆ, ಎಡಗೈ ಗೇರಿಗೆ, ಕಣ್ಣು ರಸ್ತೆಗೆ, ಬಾಯಿ ಕಂಡಕ್ಟರನಿಗೆ ಬೈಯುವುದಕ್ಕೆ. ಅವರ ಡ್ರೈವಿಂಗ್ ಶಾಸ್ತ್ರ ಇಷ್ಟೇ. ಯಾರಾದರೂ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದದ್ದು ಕಂಡರೆ, "ಅದೇನು ಕೇರೋ ಮೊರ ಏನ್ರೀ, ಎರಡೂ ಕೈಲಿ ಹಿಡಿಯಕ್ಕೆ" ಎಂದು ನಗುತ್ತಿದ್ದರು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಊಟಕ್ಕೆ ಕುಳಿತಾಗ ಅವರ ಎಡಗೈ ತೊಡೆಯ ಪಕ್ಕದಲ್ಲಿ ಗೇರು ಹುಡುಕುತ್ತದೆ ಎಂದು ಹೆಂಡತಿ ವರದಮ್ಮ ಚೇಷ್ಟೆ ಮಾಡುತ್ತಿದ್ದರು.

ಅಂಥ ಮನೆಗೆ ಸೊಸೆ ಶ್ರೀಲತಾ ಆಟೋಮ್ಯಾಟಿಕ್ ಕಾರು ತಂದಳು. ಅವಳು ಸೊರಬದ ರೈತ ಸಂಪರ್ಕ ಕೇಂದ್ರದಲ್ಲಿ ಅಧಿಕಾರಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಗುಡವಿ ಕಡೆಯ ಗದ್ದೆಗಳನ್ನು ಸುತ್ತಿ, ಸಂಜೆ ಮತ್ತೆ ಬಸ್ಸಿಗೆ ಕಾದು ಮನೆ ಸೇರುವ ಹೊತ್ತಿಗೆ ಅವಳಿಗೆ ಮಾತಾಡಲೂ ತ್ರಾಣವಿರುತ್ತಿರಲಿಲ್ಲ. ಗಂಡ ಹೇಮಂತ್ ಶಿವಮೊಗ್ಗದಲ್ಲಿ ಕೆಲಸ ಮಾಡಿಕೊಂಡು ಭಾನುವಾರಕ್ಕಷ್ಟೇ ಬರುವವನು. ಡ್ರೈವಿಂಗ್ ಹೇಳಿಕೊಡಿ ಎಂದು ಅವಳು ಮಾವನನ್ನೇ ಮೊದಲು ಕೇಳಿದ್ದಳು. "ಕ್ಲಚ್ಚು ನಿನ್ನ ಕಾಲಿಗೆ ಸಿಗಲ್ಲ ಬಿಡವ್ವ" ಎಂದು ಅವರು ಪೇಪರು ಮಡಚಿಟ್ಟು ಎದ್ದು ಹೋಗಿದ್ದರು. ಅವಳು ಸುಮ್ಮನೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಲೈಸೆನ್ಸ್ ಮಾಡಿಸಿ, ತನ್ನ ಸಂಬಳದ ಮೇಲೆ ಸಾಲ ತೆಗೆದು, ಕ್ಲಚ್ಚೇ ಇಲ್ಲದ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದಳು. ರಾಜಪ್ಪನವರಿಗೆ ಅದು ಕಾರಿನಂತೆ ಕಾಣಲಿಲ್ಲ, ಉತ್ತರದಂತೆ ಕಂಡಿತು.

ಹುಚ್ಚರಾಯಸ್ವಾಮಿ ಗುಡಿಯ ಮುಂದೆ ಪೂಜೆಗೆ ನಿಲ್ಲಿಸಿದಾಗ ಅವರು ಬಗ್ಗಿ ಒಳಗೆ ನೋಡಿದರು. ಸ್ಟೇರಿಂಗಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಕಪ್ಪು ರೆಕ್ಕೆಗಳು ಎದ್ದುಕೊಂಡಿದ್ದವು.

"ಇದೇನಿದು, ಸ್ಟೇರಿಂಗಿಗೆ ಎರಡು ಕಿವಿ?"

"ಪ್ಯಾಡಲ್ ಶಿಫ್ಟರ್ ಅಂತಾರೆ ಮಾವ," ಎಂದಳು ಶ್ರೀಲತಾ. ಅವರು ಕೇಳಿದ್ದೇ ಅವಳಿಗೆ ಖುಷಿಯಾಗಿತ್ತು. "ಗಾಡಿ ತಾನೇ ಗೇರ್ ಹಾಕ್ಕೊಳ್ಳುತ್ತೆ. ನಮಗೆ ಬೇಕು ಅನ್ಸಿದಾಗ ಮಾತ್ರ ಇದು. ಎಡಗಡೆದು ನಮ್ಮ ಕಡೆ ಎಳೆದ್ರೆ ಗೇರ್ ಒಂದು ಇಳಿಯುತ್ತೆ, ಬಲಗಡೆದು ಎಳೆದ್ರೆ ಒಂದು ಏರುತ್ತೆ. ಇಳಿಜಾರಲ್ಲಿ ಎಡಗಡೆದು ಒಂದ್ಸಲ ಎಳೆದು ಬಿಟ್ರೆ ಇಂಜಿನ್ನೇ ಗಾಡಿನ ತಡೆದು ಹಿಡಿಯುತ್ತೆ, ಬ್ರೇಕ್ ಕಾಯಲ್ಲ. ಓವರ್‌ಟೇಕ್ ಮಾಡೋಕೆ ಮುಂಚೆನೂ ಒಂದು ಇಳಿಸ್ಕೋಬೇಕು. ಬೇರೆ ಹೊತ್ತಲ್ಲಿ ಸುಮ್ಮಸುಮ್ಮನೆ ಮುಟ್ಟಬಾರದು."

"ಅಂದ್ರೆ ಕಿವಿ ಹಿಂಡಿ ಗೇರ್ ಹಾಕೋದು ಅನ್ನು," ಎಂದರು ರಾಜಪ್ಪ. ಪೂಜಾರಿಯೂ ನಕ್ಕರು. ಶ್ರೀಲತಾ ಮಾತು ನಿಲ್ಲಿಸಿದಳು.

ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಬಾನೆಟ್ಟಿಗೆ ಕುಂಕುಮ ಬಳಿದಾಯಿತು. ಇನ್ನು ಉಳಿದದ್ದು ರಾಜಪ್ಪನವರ ಪಾಲಿನ ಶಾಸ್ತ್ರ. ಹೊಸ ಬಸ್ಸು ಲೈನಿಗೆ ಇಳಿಯುವಾಗ ಹಿರಿಯ ಡ್ರೈವರು ಸ್ಟೇರಿಂಗಿಗೆ ಅರಿಶಿನದ ಕೊಂಬು ಕಟ್ಟಬೇಕು. ಆ ದಾರವನ್ನು ಯಾರೂ ಬಿಚ್ಚಬಾರದು, ಅದು ತಾನಾಗಿಯೇ ಹರಿದು ಬೀಳಬೇಕು. ಎಷ್ಟೋ ಬಸ್ಸುಗಳಿಗೆ ಅವರೇ ಕಟ್ಟಿದ್ದರು. ಅರಿಶಿನದ ನೀರಿನಲ್ಲಿ ಅದ್ದಿದ ದಪ್ಪ ನೂಲು ತೆಗೆದುಕೊಂಡು ಸ್ಟೇರಿಂಗಿಗೆ ಸುತ್ತಿದರು. ಚಕ್ರ ನುಣುಪಾಗಿದ್ದರಿಂದ ದಾರ ಜಾರಿತು. ಜಾರದಿರಲಿ ಎಂದು ಹಿಂದಿನ ಎಡಗಿವಿಯನ್ನೂ ಸೇರಿಸಿ ಸುತ್ತಿ ಗಂಟು ಹಾಕಿದರು.

"ಮಾವ, ಅಲ್ಲಿ ಬೇಡ," ಎಂದಳು ಶ್ರೀಲತಾ ಮೆಲ್ಲಗೆ. "ಅದು ಗೇರು. ಕನ್ನಡಿಗೆ ಕಟ್ಟಿದ್ರೆ ಆಗ್ತಿತ್ತು."

"ಕನ್ನಡಿಗೆ ಕಟ್ಟಕ್ಕೆ ಇದೇನು ಕಟಿಂಗ್ ಶಾಪಾ? ಶಾಸ್ತ್ರಕ್ಕೆ ಅಡ್ಡ ಬಾಯಿ ಹಾಕಬ್ಯಾಡ," ಎಂದು ರಾಜಪ್ಪ ಇನ್ನೊಂದು ಗಂಟು ಬಿಗಿದರು.

ಹೊಸ ಗಾಡಿ ಮೊದಲು ಹೋಗಬೇಕಾದದ್ದು ಹೆಣ್ಣಿನ ತವರಿಗೆ. ಶ್ರೀಲತಾಳ ತವರು ಸೊರಬದಾಚೆ ಕುಪ್ಪಗಡ್ಡೆ. ದಾರ ಒಣಗಿದ ಮೇಲೆ, ಒಂದು ರಜೆಯ ದಿನ ಅವಳು ಸ್ಟೇರಿಂಗ್ ಹಿಡಿದಳು. ಮಾವ ಪಕ್ಕದಲ್ಲಿ, ವರದಮ್ಮ ಹಿಂದೆ ಹೋಳಿಗೆ ಡಬ್ಬಿಯ ಜೊತೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದಂತೆ ಗಡಿಯಾರದ ಒಂಬತ್ತು ಮತ್ತು ಮೂರು ಇರುವ ಕಡೆ ಎರಡೂ ಕೈ ಇಟ್ಟು ಹೊರಟಳು. ಊರು ದಾಟುವವರೆಗೆ, ನಿಧಾನಕ್ಕೆ ಹೋಗುವಾಗ, ಸರಿಯಿತ್ತು. ಆಮೇಲೆ ಕಾರು ಇದ್ದಕ್ಕಿದ್ದಂತೆ ಗೊರ್ ಎಂದು ಅರಚಿ ಮುಗ್ಗರಿಸಿತು. ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು. ತಿರುವು ಬಂದಾಗ ಮತ್ತೆ ಅರಚಿತು. ಶಿರಾಳಕೊಪ್ಪ ದಾಟುವ ಹೊತ್ತಿಗೆ ವರದಮ್ಮ ಎರಡು ಸಲ ಹೋಳಿಗೆ ಡಬ್ಬಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಏನು ಮಾಡ್ತಿದ್ದೀಯ ಗಾಡಿಗೆ?" ಎಂದರು ರಾಜಪ್ಪ.

"ಎರಡನೇ ಗೇರಿಗೆ ಬಿದ್ದುಹೋಗ್ತಿದೆ ಮಾವ. ನಾನು ಎಳೀತಿಲ್ಲ."

"ಗಾಡಿ ತಾನೇ ಹಾಕ್ಕಂತದೆ ಅಂದಿ ಅವತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಸೊರಬದ ಬಸ್‌ಸ್ಟ್ಯಾಂಡಿನ ಮುಂದೆ ತಿರುವು. ಅವಳು ಎರಡೂ ಕೈಯಲ್ಲಿ ಬಿಗಿಯಾಗಿ ತಿರುಗಿಸಿದಳು. ಕಾರು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಅರಚಿ, ಎರಡು ಸಲ ಕುಕ್ಕರಿಸಿ, ಹೊರಡಲು ನಿಂತಿದ್ದ ಬಸ್ಸಿಗೆ ಅಡ್ಡವಾಗಿ ನಿಂತಿತು. ಆ ಬಸ್ಸಿನ ಡ್ರೈವರು ರವಿ, ಒಂದು ಕಾಲದಲ್ಲಿ ರಾಜಪ್ಪನವರ ಕೈಕೆಳಗೆ ಕ್ಲೀನರ್ ಆಗಿದ್ದವನು. ಅವನು ತಲೆ ಹೊರಗೆ ಹಾಕಿ, "ಏನ್ ರಾಜಪ್ಪಣ್ಣ, ನಿಮ್ಮನೆ ಗಾಡಿನೇ ಹಿಂಗಾದ್ರೆ ಹೆಂಗೆ?" ಎಂದ. ಟೀ ಅಂಗಡಿಯ ಹತ್ತಿರ ನಿಂತಿದ್ದ ಹಳೆಯ ಡ್ರೈವರುಗಳೂ ಏಜೆಂಟರೂ ನಕ್ಕರು.

ರಾಜಪ್ಪನವರ ಮೀಸೆ ಅದುರಿತು. ಇಳಿದು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆಗೆದರು.

"ಇಳಿ ಕೆಳಗೆ."

"ಇಲ್ಲಿ ಬ್ಯಾಡ್ರೀ, ಮುಂದೆ ಹೋಗಿ ಬದಲಾಯಿಸಿಕೊಳ್ರಿ," ಎಂದರು ವರದಮ್ಮ ಹಿಂದಿನಿಂದ.

"ಮಾವ, ಆ ದಾರ ಒಂದ್ಸಲ..." ಎಂದು ಶ್ರೀಲತಾ ಬಾಯಿ ತೆರೆದಳು.

"ಇಳಿ ಅಂದೆ. ಮೊರ ಹಿಡಿಯೋ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗ್ತದೆ?"

ಇದನ್ನು ಅವರು ಸ್ಟ್ಯಾಂಡಿಗೆ ಕೇಳುವ ಹಾಗೆಯೇ ಹೇಳಿದರು. ಬೇಕೆಂದೇ ಹೇಳಿದರು. ಅದೇ ಊರಿನಲ್ಲಿ ಅಧಿಕಾರಿಯಾಗಿದ್ದ, ರೈತರು ಮೇಡಂ ಎನ್ನುತ್ತಿದ್ದ ಸೊಸೆ ಚಪ್ಪಲಿ ಹುಡುಕಿಕೊಂಡು ಇಳಿದು, ತಲೆ ತಗ್ಗಿಸಿ ಹಿಂದಿನ ಸೀಟಿಗೆ ಹೋಗಿ ಕುಳಿತಳು. ರಾಜಪ್ಪ ಬಲಗೈ ಸ್ಟೇರಿಂಗಿಗೆ ಇಟ್ಟರು, ಎಡಗೈಯನ್ನು ಅಭ್ಯಾಸಬಲದಿಂದ ಗೇರಿನ ಗುಬುಟಿನ ಮೇಲೆ ಇಟ್ಟರು. ಕಾರು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೊರಟಿತು. ಕುಪ್ಪಗಡ್ಡೆಯವರೆಗೂ ಒಂದು ಸಲ ಕೂಡ ಅರಚಲಿಲ್ಲ.

"ಡ್ರೈವರ್ ಕೈ ಅಂದ್ರೆ ಡ್ರೈವರ್ ಕೈ," ಎಂದು ತಮಗೆ ತಾವೇ ಹೇಳಿಕೊಂಡರು.

ಕುಪ್ಪಗಡ್ಡೆಯಲ್ಲಿ ಶ್ರೀಲತಾಳ ತಂದೆ ಶಿವಮೂರ್ತಪ್ಪ ಕಾಲಿಗೆ ನೀರು ಕೊಟ್ಟು ಬೀಗರನ್ನು ಒಳಗೆ ಕರೆದುಕೊಂಡರು. ಊಟದ ನಡುವೆ ರಾಜಪ್ಪ ಬಸ್‌ಸ್ಟ್ಯಾಂಡಿನ ಕಥೆ ತೆಗೆದರು. ಕಾರು ಅರಚಿದ್ದನ್ನು ಬಾಯಲ್ಲಿ ಮಾಡಿ ತೋರಿಸಿದರು. ಪಂಕ್ತಿಯಲ್ಲಿದ್ದವರು ನಕ್ಕರು. ಶಿವಮೂರ್ತಪ್ಪ ಮಾತ್ರ ನಗಲಿಲ್ಲ. ಮಗಳು ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವರು ಅವಳತ್ತ ಒಮ್ಮೆ ನೋಡಿ, ಎಲೆಯ ಮುಂದೆ ಕೈ ಜೋಡಿಸಿದರು.

"ತಪ್ಪಾಯ್ತು ಬೀಗರೇ. ಬೆಳೆಸಿದ್ದು ನಾನು. ನಿಮ್ಮ ಗಾಡಿ ಹಾಳು ಮಾಡಿದ್ರೆ ಅದು ನಂದೇ ತಪ್ಪು. ಇನ್ಮೇಲೆ ಅವಳ ಕೈಗೆ ಕೊಡಬೇಡಿ, ನೀವೇ ಇಟ್ಕೊಳ್ಳಿ."

ನಿಮ್ಮ ಗಾಡಿ ಎಂದರು ಶಿವಮೂರ್ತಪ್ಪ. ಅದು ಅವಳ ಗಾಡಿ ಎಂದು ತಿದ್ದಬೇಕಾದ ಮನುಷ್ಯ ಸಾರು ಬಡಿಸಿಕೊಳ್ಳುತ್ತಿದ್ದರು. ಹೊರಡುವಾಗ ಶ್ರೀಲತಾ ಕೀಯನ್ನು ಮಾವನ ಕೈಗೆ ಕೊಡಲಿಲ್ಲ, ಅವರ ಪಕ್ಕದ ಜಗಲಿಯ ಮೇಲೆ ಇಟ್ಟಳು.

ಮರುದಿನದಿಂದ ಅವಳು ಮತ್ತೆ ಬಸ್ಸು ಹಿಡಿದಳು. "ನಾನೇ ಬಿಟ್ಟು ಬರ್ತೀನಿ ಬಾ" ಎಂದು ರಾಜಪ್ಪ ಕರೆದರೆ, "ಬೇಡ ಮಾವ, ಬಸ್ಸೇ ಸರಿ" ಎನ್ನುತ್ತಿದ್ದಳು. ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದಲೇ ಮಾತಾಡುತ್ತಿದ್ದಳು. ಆ ಮರ್ಯಾದೆ ರಾಜಪ್ಪನವರಿಗೆ ಹಿಡಿಸುತ್ತಿರಲಿಲ್ಲ. ಸೊರಬದಲ್ಲೇ ಒಂದು ರೂಮು ನೋಡುತ್ತಿದ್ದಾಳಂತೆ ಎಂದು ವರದಮ್ಮ ಒಂದು ದಿನ ಹೇಳಿ, ಗಂಡನ ಮುಖವನ್ನು ನೋಡದೆ ಒಳಗೆ ಹೋದರು.

ರಾಜಪ್ಪ ಮಾತ್ರ ಕಾರಿನಲ್ಲಿ ಊರೂರು ತಿರುಗಿದರು. ಗೇರಿಲ್ಲದ ಗಾಡಿ ಈಗ ಪರವಾಗಿಲ್ಲ ಅನ್ನಿಸತೊಡಗಿತ್ತು. ಹಳೆಯ ಕಂಡಕ್ಟರ್ ಉಚ್ಚಂಗಪ್ಪ ಉಳವಿಯಲ್ಲಿದ್ದ. ಅವನಿಗೆ ತೋರಿಸದಿದ್ದರೆ ಹೇಗೆ ಎಂದು ಒಂದು ಮಧ್ಯಾಹ್ನ ಸೊರಬ ದಾಟಿ ಉಳವಿ ರಸ್ತೆ ಹಿಡಿದರು. ಅಲ್ಲಿ ರಸ್ತೆ ಅಗೆದು ಜಲ್ಲಿ ಹರವಿದ್ದರು. ಚಕ್ರ ಆಚೆ ಈಚೆ ಎಳೆಯತೊಡಗಿತು. ಒಂದು ಕೈಗೆ ಬಗ್ಗದೆ, ರಾಜಪ್ಪ ಎಡಗೈಯನ್ನೂ ಸ್ಟೇರಿಂಗಿಗೆ ತಂದು ಬಿಗಿಯಾಗಿ ಹಿಡಿದರು.

ಕಾರು ಗೊರ್ ಎಂದು ಅರಚಿ ಮುಗ್ಗರಿಸಿತು.

ಅದೇ ಅರಚು. ಮೀಟರಿನ ನಡುವೆ ಎರಡು ಎಂಬ ಅಂಕಿ ಹೊಳೆಯುತ್ತಿತ್ತು. ಬೆಚ್ಚಿ ಎಡಗೈ ತೆಗೆದರು. ಸ್ವಲ್ಪ ಹೊತ್ತಿಗೆ ಸದ್ದು ಇಳಿಯಿತು. ಮತ್ತೆ ಹಿಡಿದರು, ಮತ್ತೆ ಅರಚಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ ಕನ್ನಡಕ ಏರಿಸಿ ಬಗ್ಗಿದರು. ಅರಿಶಿನದ ನೀರು ಕುಡಿದ ನೂಲು ಒಣಗಿ ತಂತಿಯ ಹಾಗೆ ಬಿಗಿದಿತ್ತು. ಅಂಗೈ ಚಕ್ರವನ್ನು ಹಿಡಿದ ಕೂಡಲೇ ದಾರ ಒತ್ತಿ, ಹಿಂದಿನ ಕಿವಿಯನ್ನು ತನ್ನ ಕಡೆ ಎಳೆಯುತ್ತಿತ್ತು. ಗೇರು ಇಳಿಸುತ್ತಿದ್ದವಳು ಶ್ರೀಲತಾ ಅಲ್ಲ. ತಾವೇ ಹಾಕಿದ ಗಂಟು.

ರಾಜಪ್ಪನವರಿಗೆ ಕಿವಿಯೆಲ್ಲ ಬಿಸಿಯಾಯಿತು. ಅಲ್ಲಿ ಬೇಡ ಎಂದಿದ್ದಳು. ಅದು ಗೇರು ಎಂದಿದ್ದಳು. ಸ್ಟ್ಯಾಂಡಿನಲ್ಲಿ ಇಳಿಯುವ ಮುಂಚೆ ಆ ದಾರ ಎಂದು ಬಾಯಿ ತೆರೆದಿದ್ದಳು. ಗೊತ್ತಿಲ್ಲದೆ ಮಾಡಿದ ತಪ್ಪಾದರೆ ಮನುಷ್ಯ ಹೇಗೋ ಸಮಾಧಾನ ಮಾಡಿಕೊಳ್ಳಬಹುದು. ಇದನ್ನು ಹೇಳಿದವರಿದ್ದರು, ತಾವು ಕೇಳಿಸಿಕೊಳ್ಳಲಿಲ್ಲ. ತಮ್ಮ ಕೈ ಎಂದು ಮೆರೆದದ್ದು ಕೂಡ ಕೈಯ ಗುಣವಲ್ಲ. ಒಂದು ಕೈ ಕೆಲಸ ಮಾಡದೆ ಕೂತಿದ್ದರ ಗುಣ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ, ಈ ಸಲ ಬಾಯೊಳಗೂ ಮಣ್ಣು.

ದಾರವನ್ನು ಬಿಚ್ಚಬಾರದು ಎಂಬ ಶಾಸ್ತ್ರ ಒಂದು ಗಳಿಗೆ ಅಡ್ಡ ಬಂತು. ಆಮೇಲೆ ಹಲ್ಲಿನಿಂದಲೇ ಕಚ್ಚಿ ಹರಿದು, ಅರಿಶಿನದ ಕೊಂಬಿನ ಸಮೇತ ಜೇಬಿಗೆ ಹಾಕಿಕೊಂಡರು. ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಉಚ್ಚಂಗಪ್ಪನ ಮನೆಗೆ ಹೋಗದೆ ಗಾಡಿ ತಿರುಗಿಸಿದರು.

ಮುಂದೆ ಇಳಿಜಾರು ಬಂದಾಗ ಎಡಗಿವಿಯನ್ನು ಬೆರಳಿನಿಂದ ಒಮ್ಮೆ ಎಳೆದು ಬಿಟ್ಟರು. ಇಂಜಿನ್ನು ಸಣ್ಣಗೆ ಗುನುಗಿ ಗಾಡಿಯನ್ನು ತಡೆದು ಹಿಡಿಯಿತು. ಬ್ರೇಕಿನ ಮೇಲೆ ಕಾಲಿಡದೆಯೇ ಕಾರು ಮೆಲ್ಲಗೆ ಇಳಿಯಿತು. ತುಂಬಿದ ಬಸ್ಸನ್ನು ಮೂರನೇ ಗೇರಿಗೆ ಹಾಕಿ ಇಳಿಸು, ಬ್ರೇಕ್ ಸುಡಬೇಡ ಎಂದು ಅವರು ರವಿಗೆ ಕಲಿಸಿದ್ದೂ ಇದೇ. ಗುಡಿಯ ಮುಂದೆ ಸೊಸೆ ಹೇಳಿದ್ದೂ ಅದನ್ನೇ. ಆಗ ಕಿವಿ ಹಿಂಡುವುದು ಎಂದು ನಕ್ಕವರು ತಾವು.

ಸೊರಬದ ಸ್ಟ್ಯಾಂಡಿಗೆ ಬಂದಾಗ ಸಂಜೆಯ ಬಸ್ಸು ಹೊರಡಲು ನಿಂತಿತ್ತು. ರವಿ ಕೆಳಗೆ ನಿಂತು ಟೀ ಕುಡಿಯುತ್ತಿದ್ದ. ಕಿಟಕಿಯ ಪಕ್ಕದ ಸೀಟಿನಲ್ಲಿ ಶ್ರೀಲತಾ ಕುಳಿತಿದ್ದಳು. ರಾಜಪ್ಪ ಕಾರು ನಿಲ್ಲಿಸಿ ಅವಳ ಕಿಟಕಿಯ ಕೆಳಗೆ ಹೋದರು. ಮೆಲ್ಲಗೆ ಹೇಳಿದರೂ ಆಗುತ್ತಿತ್ತು. ಅವತ್ತು ಮೆಲ್ಲಗೆ ಹೇಳಿರಲಿಲ್ಲ ಎಂಬುದು ನೆನಪಾಗಿ ಗಂಟಲು ಏರಿಸಿದರು.

"ಶ್ರೀಲತಾ, ಅವತ್ತು ಗಾಡಿ ಅರಚಿದ್ದು ನನ್ನಿಂದ. ನಾನು ಕಟ್ಟಿದ ದಾರ ಗೇರ್ ಎಳೀತಿತ್ತು. ನಿನ್ನ ಕೈದು ಏನೂ ತಪ್ಪಿರಲಿಲ್ಲ. ನೀನು ಹೇಳಿದ್ದಿ, ನಾನು ಕೇಳಲಿಲ್ಲ."

ರವಿ ಟೀ ಲೋಟ ಹಿಡಿದುಕೊಂಡೇ ಬೇರೆ ಕಡೆ ತಿರುಗಿದ. ತನಗೆ ಡ್ರೈವಿಂಗ್ ಕಲಿಸಿದವರು ಹೀಗೆ ನಿಂತಿದ್ದನ್ನು ನೋಡಲು ಅವನಿಗೂ ಮುಜುಗರವಾಗಿತ್ತು. ಶ್ರೀಲತಾ ಮಾವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

"ಇಳಿದು ಬಾರವ್ವ. ನೀನೇ ಓಡಿಸು, ಹೋಗೋಣ," ಎಂದು ಕೀ ಎತ್ತಿ ಹಿಡಿದರು.

"ಟಿಕೆಟ್ ತಗೊಂಡಾಯ್ತು ಮಾವ," ಎಂದಳು ಅವಳು. "ನೀವು ಹೋಗಿ."

ಬಸ್ಸು ಹೊರಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಜಪ್ಪ ಕಾರು ಹತ್ತಿ ಹಿಂದೆ ಹೊರಟರು. ಮುಂದೆ ಬಸ್ಸಿದ್ದರೆ ಸಹಿಸದಿದ್ದ ಮನುಷ್ಯ ಅಂದು ಅದನ್ನು ಹಿಂದೆ ಹಾಕಲಿಲ್ಲ. ಅದು ನಿಂತ ಕಡೆಯಲ್ಲೆಲ್ಲ ನಿಂತು, ಅದರ ಹೊಗೆ ಕುಡಿಯುತ್ತ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಶಿಕಾರಿಪುರದವರೆಗೂ ಬಂದರು.

ಸ್ಟ್ಯಾಂಡಿನಲ್ಲಿ ಇಳಿದ ಶ್ರೀಲತಾ ಕಾರಿನ ಹತ್ತಿರ ಬಂದು ಕಿಟಕಿಗೆ ಬಗ್ಗಿದಳು. ಇನ್ನು ಮುಗಿಯಿತು, ಕೀ ತೆಗೆದುಕೊಳ್ಳುತ್ತಾಳೆ ಎಂದು ರಾಜಪ್ಪನವರಿಗೆ ಎದೆ ಹಗುರಾಯಿತು.

"ಅಷ್ಟು ಜನರ ಮುಂದೆ ಹೇಳಿದ್ರಿ ಮಾವ. ನನಗೆ ಅಷ್ಟು ಸಾಕು," ಎಂದಳು. "ಆದ್ರೆ ನಮ್ಮಪ್ಪ ಎಲೆ ಮುಂದೆ ಕೈ ಮುಗಿದ್ರಲ್ಲ, ಅದಕ್ಕೇನು ಮಾಡ್ತೀರಿ?"

ಬಸ್‌ಸ್ಟ್ಯಾಂಡಿನವರು ನಾಳೆಗೆ ಮರೆಯುತ್ತಾರೆ. ಸೊಸೆಯ ಹತ್ತಿರ ತಪ್ಪು ಒಪ್ಪಿಕೊಂಡರೆ ಮನೆಯೊಳಗಿನ ಮಾತು ಮನೆಯೊಳಗೆ ಉಳಿಯುತ್ತದೆ. ಆದರೆ ಗಂಡಿನ ತಂದೆಯಾದವನು ಹೆಣ್ಣಿನ ಮನೆಯ ಜಗಲಿಯಲ್ಲಿ ನಿಂತು ತಪ್ಪಾಯಿತು ಎಂದದ್ದನ್ನು ರಾಜಪ್ಪ ಎಲ್ಲೂ ಕಂಡಿರಲಿಲ್ಲ. ಆ ಕೈಮುಗಿಯುವಿಕೆ ಯಾವಾಗಲೂ ಆ ಕಡೆಯಿಂದಲೇ ಬರುವಂಥದ್ದು ಎಂದು ತಿಳಿದಿದ್ದವರು. ಹಾಗೆ ತಿಳಿದಿದ್ದಕ್ಕೇ ಅಂದು ಸಾರು ಸಲೀಸಾಗಿ ಇಳಿದಿತ್ತು.

"ಭಾನುವಾರ ಹೋಗೋಣ," ಎಂದರು ಕೊನೆಗೆ. ಧ್ವನಿ ಅವರಿಗೇ ಕೇಳಿಸಲಿಲ್ಲ.

ಆ ಭಾನುವಾರ ಹೇಮಂತ್ ಬಂದಿರಲಿಲ್ಲ. ಶ್ರೀಲತಾ ಓಡಿಸಿದಳು. ರಾಜಪ್ಪ ಪಕ್ಕದ ಸೀಟಿನಲ್ಲಿ ಎಡಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದರು. ಮುಂದೆ ಟ್ರ್ಯಾಕ್ಟರ್ ಸಿಕ್ಕಾಗ ಅವಳು ಎದುರಿನ ರಸ್ತೆ ಖಾಲಿಯಾಗುವವರೆಗೆ ಕಾದು, ಎಡಗಿವಿಯನ್ನು ಒಮ್ಮೆ ಎಳೆದು, ಚಕಚಕನೆ ದಾಟಿ, ಆಮೇಲೆ ಅದನ್ನು ಮುಟ್ಟಲೇ ಇಲ್ಲ. ಗಾಡಿ ತಾನೇ ತನ್ನ ಗೇರಿಗೆ ಹೋಯಿತು. ಚೆನ್ನಾಗಿ ಓಡಿಸುತ್ತಿದ್ದಳು. ಇದನ್ನು ಅವರು ಮೊದಲ ದಿನವೇ ನೋಡಬಹುದಿತ್ತು. ಸೊರಬದ ತಿರುವಿನಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ.

ಕುಪ್ಪಗಡ್ಡೆಯಲ್ಲಿ ಕಾರಿನ ಸದ್ದು ಕೇಳಿ ಶಿವಮೂರ್ತಪ್ಪ ಕಾಲಿಗೆ ನೀರಿನ ಚೊಂಬು ಹಿಡಿದು ಬಂದರು. ಬಲಗಡೆಯ ಬಾಗಿಲಿನಿಂದ ಮಗಳು ಇಳಿಯುವುದನ್ನು ಕಂಡು ಅವರ ಮುಖ ಸಣ್ಣದಾಯಿತು.

"ಮತ್ತೆ ಯಾಕಮ್ಮ ನೀನು ಕೂತೆ? ಮಾವನೋರಿಗೆ ಕೊಡಬಾರದಾ?" ಎಂದು ಅವಳನ್ನು ಗದರಿ, ರಾಜಪ್ಪನವರ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಿ ಬೀಗರೇ. ನಾನು ಹೇಳ್ತೀನಿ ಅವಳಿಗೆ."

ಬಾಯಿ ತೆರೆಯುವ ಮೊದಲೇ ಎದುರಿನವರು ಇನ್ನೊಂದು ಸಲ ಕ್ಷಮೆ ಕೇಳಿಬಿಟ್ಟಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ರಾಜಪ್ಪನವರಿಗೆ ಉಪಯೋಗಕ್ಕೆ ಬರಲಿಲ್ಲ. ಕಾಲು ತೊಳೆಯದೆ ನಿಂತು, ಜೇಬಿನಿಂದ ಹರಿದ ದಾರ, ಅರಿಶಿನದ ಕೊಂಬು ತೆಗೆದು ಅಂಗೈಯಲ್ಲಿ ಮುಂದೆ ಚಾಚಿದರು.

ಶಿವಮೂರ್ತಪ್ಪ ಚೊಂಬನ್ನು ಕೆಳಗಿಟ್ಟು, ಪಂಚೆಯ ಅಂಚಿಗೆ ಕೈ ಒರೆಸಿಕೊಂಡರು. ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಯಾವ ದೇವರದು ಎಂದು ಕೂಡ ಕೇಳದೆ, ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು.

"ಅದು ಪ್ರಸಾದ ಅಲ್ಲ ಬೀಗರೇ," ಎಂದರು ರಾಜಪ್ಪ. "ನನ್ನ ತಪ್ಪು."

ಶ್ರೀಲತಾ ಕಾರಿನ ಬಾಗಿಲು ಹಾಕದೆ, ಉಳಿದದ್ದನ್ನೂ ಕೇಳಲು ಅಲ್ಲೇ ನಿಂತಳು.